ಕಾರಿನ ಕೀ ಎಷ್ಟು ದೂರದಲ್ಲಿದೆ? ವೈರ್‌ಲೆಸ್ ಸಾಧನಗಳು ಸರದಿ ಪ್ರಕಾರ ದೂರ ಅಳೆಯೋದು ಹೀಗೆ

ಕೀ ಜೇಬಲ್ಲಿದ್ದರೆ ಸಾಕು, ಹತ್ತಿರ ಹೋದ ಕೂಡಲೇ ಕಾರಿನ ಬಾಗಿಲು ತೆರೆಯುತ್ತೆ. ಎಲ್ಲೋ ಇಟ್ಟು ಮರೆತ ಬ್ಯಾಗ್ ಎಷ್ಟು ಮೀಟರ್ ದೂರದಲ್ಲಿದೆ ಅಂತ ಮೊಬೈಲ್ ತೋರಿಸುತ್ತೆ. ಎರಡರ ಹಿಂದೆಯೂ ಇರುವ ಪ್ರಶ್ನೆ ಒಂದೇ: ಎರಡು ವೈರ್‌ಲೆಸ್ ಸಾಧನಗಳ ನಡುವೆ ಎಷ್ಟು ದೂರ? ಅದನ್ನು ಅಳೆಯೋದು ಹೇಗೆ, ಹಲವು ಸಾಧನಗಳಿದ್ದಾಗ ಸರದಿ ಯಾಕೆ ಬೇಕು, ನಮ್ಮ ಗಾಡಿಯ ಸುರಕ್ಷತೆಗೂ ಇದಕ್ಕೂ ಏನು ಸಂಬಂಧ? ಇಲ್ಲಿದೆ ವಿವರ.

ಸಿಗ್ನಲ್ ಜೋರಿದ್ದರೆ ಹತ್ತಿರ ಅಂತಲ್ಲ

ಹಳೆಯ ವಿಧಾನ ಸುಲಭದ್ದು. ಸಿಗ್ನಲ್ ಜೋರಾಗಿದ್ದರೆ ಹತ್ತಿರ, ಕಡಿಮೆ ಇದ್ದರೆ ದೂರ. ಆದರೆ ಗೋಡೆ, ಕಬ್ಬಿಣದ ಶಟರ್, ಮನುಷ್ಯನ ಮೈ ಯಾವುದು ಅಡ್ಡ ಬಂದರೂ ಈ ಲೆಕ್ಕ ತಪ್ಪುತ್ತೆ.

ಕಳ್ಳರಿಗೆ ಇದೇ ದಾರಿ. ಒಬ್ಬ ಕಾರಿನ ಪಕ್ಕ, ಇನ್ನೊಬ್ಬ ಕೀ ಇರುವ ಮನೆಯ ಬಾಗಿಲ ಬಳಿ ನಿಂತು ಕಾರಿನ ಸಿಗ್ನಲನ್ನು ಕೀವರೆಗೆ ದಾಟಿಸಿದರೆ, ಕೀ ಪಕ್ಕದಲ್ಲೇ ಇದೆ ಅಂತ ಕಾರು ನಂಬಿಬಿಡುತ್ತೆ. 2011ರಲ್ಲಿ ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ಸಂಶೋಧಕರು 8 ಕಂಪನಿಗಳ 10 ಮಾದರಿಯ ಕಾರುಗಳ ಮೇಲೆ ಇದನ್ನು ಪರೀಕ್ಷಿಸಿ ತೋರಿಸಿದ್ದರು.

ಸಮಯದಿಂದ ದೂರ

ಹೊಸ ವಿಧಾನದಲ್ಲಿ ಅಳೆಯೋದು ಸಮಯವನ್ನು. ರೇಡಿಯೋ ಅಲೆ ಬೆಳಕಿನ ವೇಗದಲ್ಲಿ ಹೋಗುತ್ತೆ. ಒಂದು ನ್ಯಾನೋಸೆಕೆಂಡಿಗೆ, ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲಿ, ಸುಮಾರು 30 ಸೆಂ.ಮೀ. ಒಂದು ಸಾಧನ ಸಂದೇಶ ಕಳಿಸುತ್ತೆ, ಇನ್ನೊಂದು ಉತ್ತರಿಸುತ್ತೆ. ಒಟ್ಟು ಸಮಯದಲ್ಲಿ ಉತ್ತರ ಕೊಡಲು ತೆಗೆದುಕೊಂಡ ಸಮಯ ಕಳೆದು, ಉಳಿದದ್ದರಲ್ಲಿ ಅರ್ಧ ಮಾಡಿದರೆ ದೂರ ಸಿಗುತ್ತೆ.

ಇಲ್ಲಿ ಕಳ್ಳರು ಸಿಗ್ನಲ್ ದಾಟಿಸಿದರೆ ಸಮಯ ಹೆಚ್ಚಾಗುತ್ತೆ. ಕೀ ದೂರ ಇದೆ ಅಂತ ಕಾರಿಗೆ ಗೊತ್ತಾಗುತ್ತೆ, ಬಾಗಿಲು ತೆರೆಯಲ್ಲ.

ಸರದಿ ಯಾಕೆ ಬೇಕು?

ಎರಡೇ ಸಾಧನ ಇದ್ದರೆ ಸಮಸ್ಯೆ ಇಲ್ಲ. 10 ಸಾಧನಗಳಿದ್ದು ಪ್ರತಿಯೊಂದೂ ಉಳಿದವುಗಳ ದೂರ ಅಳೆಯಬೇಕಾದರೆ 45 ಜೋಡಿ ಆಗುತ್ತೆ. ಎಲ್ಲವೂ ಒಟ್ಟಿಗೆ ಮಾತಾಡಿದರೆ ಸಂದೇಶಗಳು ಡಿಕ್ಕಿ ಹೊಡೆದು ಯಾರಿಗೂ ಅಳತೆ ಸಿಗಲ್ಲ.

ಅದಕ್ಕೇ ಒಂದು ಸಾಧನ ಮೇಸ್ತ್ರಿಯಂತೆ ವೇಳಾಪಟ್ಟಿ ಹಾಕುತ್ತೆ. ಅಲ್ಟ್ರಾ ವೈಡ್‌ಬ್ಯಾಂಡ್ (ಯುಡಬ್ಲ್ಯೂಬಿ) ತಂತ್ರಜ್ಞಾನದಲ್ಲಿ ಸಮಯವನ್ನು ಬ್ಲಾಕ್, ಅದರೊಳಗೆ ರೌಂಡ್, ರೌಂಡಿನೊಳಗೆ ಸ್ಲಾಟ್ ಅಂತ ಹಂಚುತ್ತಾರೆ. ಯಾವ ಸ್ಲಾಟ್‌ನಲ್ಲಿ ಯಾರು ಮಾತಾಡಬೇಕು ಅಂತ ಮೊದಲೇ ತಿಳಿಸಲಾಗುತ್ತೆ. ಒಂದು ಸ್ಲಾಟ್ ಸಾಮಾನ್ಯವಾಗಿ 2 ಮಿಲಿಸೆಕೆಂಡಿನಷ್ಟು. ಪಕ್ಕದಲ್ಲೇ ಇನ್ನೊಂದು ಗುಂಪು ಅಳೆಯುತ್ತಿದ್ದರೆ, ಪದೇ ಪದೇ ಡಿಕ್ಕಿ ಆಗದಂತೆ ಮುಂದಿನ ಬ್ಲಾಕಿನಲ್ಲಿ ರೌಂಡ್ ಬದಲಿಸಿಕೊಳ್ಳುವ ವ್ಯವಸ್ಥೆಯೂ ಇದೆ.

ಇದರಲ್ಲಿ ಎರಡು ಲಾಭ. ಸರದಿ ಇಲ್ಲದಾಗ ಸಾಧನ ನಿದ್ದೆ ಮಾಡಬಹುದು, ಬ್ಯಾಟರಿ ಉಳಿಯುತ್ತೆ. ಸಂದೇಶಗಳೂ ಕಡಿಮೆಯಾಗುತ್ತವೆ. ಒಂದು ಮೊಬೈಲ್ 8 ಟ್ಯಾಗ್‌ಗಳ ದೂರವನ್ನು ಒಂದೊಂದಾಗಿ, ತಲಾ 3 ಸಂದೇಶದಂತೆ ಅಳೆದರೆ 24 ಸಂದೇಶ ಬೇಕು. ಎಲ್ಲರಿಗೂ ಸೇರಿ ಒಂದು ಪ್ರಶ್ನೆ, ಸರದಿಯಲ್ಲಿ 8 ಉತ್ತರ, ಕೊನೆಗೆ ಲೆಕ್ಕ ಸಮೇತ ಒಂದು ಸಂದೇಶ ಅಂದರೆ ಬರೀ 10.

ಕಾದಷ್ಟೂ ತಪ್ಪು ಹೆಚ್ಚು

ಸರದಿಗೆ ಒಂದು ಬೆಲೆಯೂ ಇದೆ. ಯಾವ ಎರಡು ಸಾಧನಗಳ ಗಡಿಯಾರವೂ ಒಂದೇ ಸಮ ಓಡಲ್ಲ. ಹತ್ತು ಲಕ್ಷಕ್ಕೆ 20 ಭಾಗದಷ್ಟು ವ್ಯತ್ಯಾಸ ಇದೆ ಅಂತಿಟ್ಟುಕೊಳ್ಳಿ. ಉತ್ತರ 1 ಮಿಲಿಸೆಕೆಂಡ್ ತಡವಾದರೆ ಅಳತೆ 3 ಮೀಟರ್ ತಪ್ಪುತ್ತೆ. ಸಾಲಿನಲ್ಲಿ 16 ಮಿಲಿಸೆಕೆಂಡ್ ಕಾದ ಎಂಟನೆಯ ಸಾಧನಕ್ಕೆ 48 ಮೀಟರ್! ಮನೆಯೊಳಗಿನ ಬ್ಯಾಗ್ ಮುಂದಿನ ಬೀದಿಯಲ್ಲಿದೆ ಅಂತ ತೋರಿಸಿದಂತೆ.

ಇದನ್ನು ಸರಿಪಡಿಸೋದೇ ಆ ಕೊನೆಯ ಸಂದೇಶ. ಎರಡೂ ಕಡೆಯಿಂದ ಹೋಗಿ ಬಂದ ಸಮಯವನ್ನು ಸೇರಿಸಿ ಲೆಕ್ಕ ಹಾಕಿದಾಗ ಗಡಿಯಾರದ ವ್ಯತ್ಯಾಸ ಹೆಚ್ಚುಕಮ್ಮಿ ಅಳಿಸಿಹೋಗುತ್ತೆ.

ಎಲ್ಲೆಲ್ಲಿ ಬಂದಿದೆ?

* 2018ರ ಆಂಡ್ರಾಯ್ಡ್ 9ರಿಂದ ವೈಫೈ ಮೂಲಕ ದೂರ ಅಳೆಯುವ ಸೌಲಭ್ಯ ಇದೆ. ಮೊಬೈಲ್ ಮತ್ತು ರೂಟರ್ ಎರಡೂ ಇದಕ್ಕೆ ಹೊಂದಬೇಕು. ನಿಖರತೆ 1-2 ಮೀಟರ್.
* 2019ರ ಐಫೋನ್ 11ರಲ್ಲಿ ಯುಡಬ್ಲ್ಯೂಬಿ ಚಿಪ್ ಬಂತು, 2021ರಲ್ಲಿ ಏರ್‌ಟ್ಯಾಗ್.
* 2020ರಲ್ಲಿ ಯುಡಬ್ಲ್ಯೂಬಿಗೆ ಹೊಸ ಐಇಇಇ ಮಾನದಂಡ ಬಂತು. ದೂರವನ್ನು ಕಡಿಮೆ ತೋರಿಸಿ ಮೋಸ ಮಾಡೋದನ್ನು ತಡೆಯಲು ಇದರಲ್ಲಿ ಗುಪ್ತ ಸಂಕೇತ ಸೇರಿಸಲಾಗಿದೆ.
* 2024ರ ಬ್ಲೂಟೂತ್ 6.0ರಲ್ಲೂ ದೂರ ಅಳೆಯುವ ಸೌಲಭ್ಯ ಸೇರಿದೆ.

ನೀವು ಗಮನಿಸಬೇಕಾದದ್ದು

* ಕೀಲೆಸ್ ಗಾಡಿ ಕೊಳ್ಳುವಾಗ "ಕೀ ಎಷ್ಟು ದೂರ ಇದೆ ಅಂತ ಸಮಯ ನೋಡಿ ಅಳೆಯುತ್ತಾ, ಯುಡಬ್ಲ್ಯೂಬಿ ಇದೆಯಾ" ಅಂತ ಶೋರೂಮಿನಲ್ಲಿ ಕೇಳಿ.
* ಹಳೆಯ ಕೀಲೆಸ್ ಗಾಡಿಯಾದರೆ ರಾತ್ರಿ ಕೀಯನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಬೇಡಿ. ಸಿಗ್ನಲ್ ತಡೆಯುವ ಪೌಚ್‌ನಲ್ಲಿಡಿ. ಪೌಚ್ ಕೊಂಡ ಮೇಲೆ ಕೀ ಅದರಲ್ಲಿಟ್ಟು ಗಾಡಿ ಬಳಿ ಹೋಗಿ ನೋಡಿ. ಬಾಗಿಲು ತೆರೆದರೆ ಪೌಚ್ ಪ್ರಯೋಜನ ಇಲ್ಲ.
* ಕೆಲವು ಗಾಡಿಗಳಲ್ಲಿ ಕೀಲೆಸ್ ಸೌಲಭ್ಯವನ್ನೇ ಆಫ್ ಮಾಡಬಹುದು. ಗಾಡಿಯ ಜೊತೆ ಬಂದ ಪುಸ್ತಕ ನೋಡಿ.
* ಬರೀ ಬ್ಲೂಟೂತ್ ಇರುವ ಅಗ್ಗದ ಟ್ಯಾಗ್‌ಗಳಲ್ಲಿ ಹೆಚ್ಚಿನವು ಸಿಗ್ನಲ್ ಜೋರು ನೋಡಿ ಅಂದಾಜು ಹೇಳುತ್ತವೆ ಅಷ್ಟೇ. ಅಂಗಡಿಯವರು ಮಾರುವಾಗ, ಗ್ರಾಹಕರು ಕೊಳ್ಳುವಾಗ ಈ ವ್ಯತ್ಯಾಸ ತಿಳಿದಿರಲಿ.