ವಾಲ್ವ್ ಗಿಟಾರ್ ಆಂಪ್ಲಿಫೈಯರ್ ದುರಸ್ತಿ

ವಾಲ್ವ್ ಗಿಟಾರ್ ಆಂಪ್ಲಿಫೈಯರ್ ಎಂಬುದು ಎಲೆಕ್ಟ್ರಿಕ್ ಗಿಟಾರಿನಿಂದ ಬರುವ ಕ್ಷೀಣ ವಿದ್ಯುತ್ ಸಂಕೇತವನ್ನು ನಿರ್ವಾತ ನಳಿಕೆಗಳ, ಅಂದರೆ ವಾಲ್ವ್‌ಗಳ, ಮೂಲಕ ವರ್ಧಿಸಿ ಸ್ಪೀಕರಿಗೆ ಒದಗಿಸುವ ಸಾಧನ. ಹಳೆಯ ವಾಲ್ವ್ ರೇಡಿಯೊಗಳ ಒಳಭಾಗವನ್ನು ಕಂಡವರಿಗೆ ಇದರ ರಚನೆ ಅಪರಿಚಿತವೆನಿಸದು. ಇದರ ಹೆಚ್ಚಿನ ದೋಷಗಳು ವಾಲ್ವ್, ಸಾಕೆಟ್, ಜ್ಯಾಕ್ ಮತ್ತು ಕೆಪಾಸಿಟರುಗಳಲ್ಲೇ ಹುಟ್ಟುವುದರಿಂದ, ಕ್ರಮವಾಗಿ ಹುಡುಕಿದರೆ ಪತ್ತೆಹಚ್ಚುವುದು ಕಷ್ಟವಲ್ಲ. ಕಷ್ಟವಿರುವುದು ಒಳಗಿನ ವೋಲ್ಟೇಜಿನಲ್ಲಿ: ಅದು ಪ್ರಾಣಾಪಾಯಕಾರಿ.

ಹಿನ್ನೆಲೆ

ಅಮೆರಿಕದ ಫೆಂಡರ್ ಬಾಸ್‌ಮನ್, ಅದರ ವಿದ್ಯುನ್ಮಂಡಲವನ್ನೇ ಆಧರಿಸಿ 1960ರ ದಶಕದ ಆರಂಭದಲ್ಲಿ ಲಂಡನ್ನಿನಲ್ಲಿ ರೂಪುಗೊಂಡ ಮಾರ್ಷಲ್ ಜೆಟಿಎಂ45, ಬ್ರಿಟನ್ನಿನ ವಾಕ್ಸ್ ಎಸಿ30 ಇವು ಈ ವರ್ಗದ ಪ್ರಸಿದ್ಧ ಮಾದರಿಗಳು. ಇವುಗಳ ಮೊದಲ ಹಂತಗಳಲ್ಲಿ ಬಳಕೆಯಾಗುವ ಇಸಿಸಿ83 ವಾಲ್ವನ್ನು ಅಮೆರಿಕದಲ್ಲಿ 12ಎಎಕ್ಸ್7 ಎನ್ನುತ್ತಾರೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕೂಡ ಒಂದು ಕಾಲದಲ್ಲಿ ಇಂತಹ ವಾಲ್ವ್‌ಗಳನ್ನು ತಯಾರಿಸುತ್ತಿತ್ತು.

ಸುರಕ್ಷತೆ

ವಾಲ್ವ್‌ನ ಪ್ಲೇಟಿಗೆ ಸಾಮಾನ್ಯವಾಗಿ 300ರಿಂದ 500 ವೋಲ್ಟ್ ನೇರ ವಿದ್ಯುತ್ ಬೇಕು. ಇದನ್ನು ಸಮತಲಗೊಳಿಸುವ ಫಿಲ್ಟರ್ ಕೆಪಾಸಿಟರುಗಳು, ಪ್ಲಗ್ ಕಿತ್ತ ಬಳಿಕವೂ ಬಹಳ ಹೊತ್ತು ವಿದ್ಯುದಂಶವನ್ನು ಹಿಡಿದಿಟ್ಟುಕೊಂಡಿರಬಲ್ಲವು. ಆದುದರಿಂದ ಪೆಟ್ಟಿಗೆ ತೆರೆದ ಕೂಡಲೇ ಒಳಗೆ ಕೈಯಿಡಬಾರದು. ಸುಮಾರು 10 ಕಿಲೊ ಓಮ್, 5 ವ್ಯಾಟ್‌ನ ರೆಸಿಸ್ಟರನ್ನು ಚೆನ್ನಾಗಿ ನಿರೋಧಿಸಿದ ತಂತಿಗಳಿಂದ ಪ್ರತಿಯೊಂದು ಫಿಲ್ಟರ್ ಕೆಪಾಸಿಟರಿನ ಎರಡು ತುದಿಗಳಿಗೂ ತಾಗಿಸಿ ವಿದ್ಯುದಂಶವನ್ನು ಹರಿಯಬಿಟ್ಟು, ಮೀಟರಿನಿಂದ ಅಳೆದು ಖಚಿತಪಡಿಸಿಕೊಳ್ಳಬೇಕು. ವೋಲ್ಟೇಜು ತಾನಾಗಿಯೇ ತುಸು ಮರಳಿ ಏರುವುದುಂಟು. ಕೆಲವು ನಿಮಿಷಗಳ ನಂತರ ಇನ್ನೊಮ್ಮೆ ಅಳೆಯುವುದು ಅಗತ್ಯ. ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸುವ ರೂಢಿ ಕೆಪಾಸಿಟರಿಗೂ ಕೆಲಸಗಾರನಿಗೂ ಕೆಟ್ಟದ್ದು. ಚಾಲನೆಯಲ್ಲಿರುವಾಗ ಅಳೆಯಬೇಕಾದರೆ ಒಂದು ಕೈಯನ್ನು ಜೇಬಿನಲ್ಲೋ ಬೆನ್ನ ಹಿಂದೆಯೋ ಇರಿಸಿಕೊಳ್ಳುವುದು ಹಳೆಯ ರೇಡಿಯೊ ಮೆಕ್ಯಾನಿಕ್‌ಗಳ ಪದ್ಧತಿ. ಆಗ ವಿದ್ಯುತ್ ಎದೆಯ ಮೂಲಕ ಹಾಯುವ ಸಂಭವ ಕಡಿಮೆ. ಮೀಟರು ಹಿಡಿದು ಅಭ್ಯಾಸವಿಲ್ಲದವರು ವಾಲ್ವ್, ಕೇಬಲ್ ಬದಲಾಯಿಸುವುದಕ್ಕೇ ನಿಲ್ಲುವುದು ಲೇಸು.

ಸ್ಪೀಕರ್ ಜೋಡಿಸದೆ ಆಂಪ್ಲಿಫೈಯರನ್ನು ನುಡಿಸಲೇಬಾರದು. ಹಾಗೆ ಮಾಡಿದರೆ ದುಬಾರಿಯಾದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ದೋಷ ಪತ್ತೆ

ಮೊದಲು ಬೇರೊಂದು ಗಿಟಾರ್, ಬೇರೊಂದು ಕೇಬಲ್ ಬಳಸಿ ನೋಡಬೇಕು. ದೋಷವೆಲ್ಲ ಕೇಬಲ್ಲಿನದೇ ಆಗಿರುವ ಪ್ರಸಂಗಗಳು ಕಡಿಮೆಯೇನಲ್ಲ.

ಫ್ಯೂಸ್ ಸುಟ್ಟಿದ್ದರೆ ಅದೇ ಸಾಮರ್ಥ್ಯದ ಹೊಸದನ್ನು ಒಮ್ಮೆ ಹಾಕಿ ನೋಡಬಹುದು. ಮತ್ತೆ ಸುಟ್ಟರೆ ಹೆಚ್ಚಿನ ಸಾಮರ್ಥ್ಯದ ಫ್ಯೂಸ್ ಹಾಕುವುದು ಅತ್ಯಂತ ಅಪಾಯಕರ. ಆಗ ಫ್ಯೂಸಿನ ಬದಲು ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಸರಿಯಾದ ಕ್ರಮವೆಂದರೆ ಎಲ್ಲ ವಾಲ್ವ್‌ಗಳನ್ನೂ ತೆಗೆದು, ಎಲೆಕ್ಟ್ರಿಷಿಯನ್ನರ ಸೀರೀಸ್ ಬಲ್ಬಿನ ಮೂಲಕ ವಿದ್ಯುತ್ ನೀಡುವುದು. ಬಲ್ಬು ಪೂರ್ಣ ಪ್ರಕಾಶದಿಂದ ಉರಿದರೆ ಮೇನ್ಸ್ ಟ್ರಾನ್ಸ್‌ಫಾರ್ಮರ್, ಅದರ ತಂತಿಗಳು ಅಥವಾ, ರೆಕ್ಟಿಫೈಯರಿಗೆ ವಾಲ್ವ್ ಬದಲು ಡಯೋಡ್ ಇರುವ ಮಾದರಿಗಳಲ್ಲಿ, ಡಯೋಡ್ ಇಲ್ಲವೆ ಫಿಲ್ಟರ್ ಕೆಪಾಸಿಟರ್ ಶಂಕಾಸ್ಪದ. ಮಂದವಾಗಿ ಉರಿದರೆ ಮೊದಲು ರೆಕ್ಟಿಫೈಯರ್ ವಾಲ್ವ್, ಬಳಿಕ ಪವರ್ ವಾಲ್ವ್‌ಗಳು ಎಂಬ ಕ್ರಮದಲ್ಲಿ ಮರಳಿ ಹಾಕುತ್ತ ಹೋಗಬೇಕು. ಯಾವುದನ್ನು ಹಾಕಿದಾಗ ಬಲ್ಬು ಪ್ರಖರವಾಗಿ ಬೆಳಗುವುದೋ ದೋಷ ಆ ಹಂತದಲ್ಲಿದೆ.

ವಾಲ್ವ್‌ನ ತಂತು ಕಿತ್ತಳೆ ಬಣ್ಣದಲ್ಲಿ ಬೆಳಗುವುದು ಸಹಜ. ಗಾಜಿನ ಒಳಮೈಯ ನಸುನೀಲಿ ಹೊಳಪಿಗೂ ಹೆದರಬೇಕಿಲ್ಲ. ಆದರೆ ಹೊರಗಿನ ಲೋಹದ ಪ್ಲೇಟೇ ಕೆಂಪಗೆ ಕಾದರೆ ತಕ್ಷಣ ಸ್ವಿಚ್ ಆರಿಸಬೇಕು. ಬಯಾಸ್ ವೋಲ್ಟೇಜು ತಪ್ಪಿರುವುದು ಅಥವಾ ಹಿಂದಿನ ಹಂತದ ಕಪ್ಲಿಂಗ್ ಕೆಪಾಸಿಟರ್ ಸೋರಿ ಗ್ರಿಡ್ಡಿಗೆ ಧನ ವೋಲ್ಟೇಜು ತಲುಪುವುದು ಇದಕ್ಕೆ ಕಾರಣ. ಗಾಜಿನ ಮೇಲ್ಭಾಗದ ಬೆಳ್ಳಿಯಂಥ ಲೇಪ ಹಾಲುಬಿಳುಪಾಗಿದ್ದರೆ ಒಳಗೆ ಗಾಳಿ ಸೇರಿದೆಯೆಂದರ್ಥ; ಅದು ರಿಪೇರಿಯಾಗದು.

ಗುಂಯ್‌ಗುಡುವಿಕೆಯ ಸ್ಥಾಯಿಯೂ ಸುಳಿವು ನೀಡುತ್ತದೆ. ಭಾರತ, ಬ್ರಿಟನ್‌ಗಳಂತೆ ಮೇನ್ಸ್ 50 ಹರ್ಟ್ಸ್ ಇರುವಲ್ಲಿ 100 ಹರ್ಟ್ಸಿನ ಗುಂಯ್‌ಕಾರ ಕೇಳಿದರೆ ಫಿಲ್ಟರ್ ಕೆಪಾಸಿಟರ್ ಮುದಿಯಾಗಿರುವುದು ಸಂಭವನೀಯ. 50 ಹರ್ಟ್ಸ್ ಆದರೆ ತಂತುವಿನ ವೈರಿಂಗ್, ಅರ್ಥಿಂಗ್ ಅಥವಾ ಕೇಬಲ್ ಪರೀಕ್ಷಿಸಬೇಕು. ಪೆನ್ಸಿಲಿನ ಮರದ ತುದಿಯಿಂದ ವಾಲ್ವ್‌ಗಳನ್ನು ಮೆಲ್ಲನೆ ತಟ್ಟಿದಾಗ ಯಾವುದು ಸ್ಪೀಕರಿನಲ್ಲಿ ಗಂಟೆಯಂತೆ ಮಾರ್ದನಿಸುವುದೋ ಅದನ್ನು ಬದಲಾಯಿಸಬೇಕು. ಚಟಪಟ ಸದ್ದಿಗೆ ಸಡಿಲ ಬೆಸುಗೆ, ಕೊಳೆ ಹಿಡಿದ ಸಾಕೆಟ್ ಇಲ್ಲವೆ ಹಳೆಯ ಕಾರ್ಬನ್ ರೆಸಿಸ್ಟರುಗಳು ಕಾರಣ.

ಬಯಾಸ್ ಹೊಂದಿಕೆ

ಸ್ಥಿರ ಬಯಾಸಿನ ಮಾದರಿಗಳಲ್ಲಿ ಪವರ್ ವಾಲ್ವ್ ಬದಲಾಯಿಸಿದ ಮೇಲೆ ಪ್ರವಾಹವನ್ನು ಹೊಂದಿಸಬೇಕು. ಉದಾಹರಣೆಗೆ ಇಎಲ್34 ವಾಲ್ವ್‌ನ ಪ್ಲೇಟ್ ತಡೆಯಬಲ್ಲ ಗರಿಷ್ಠ ಶಾಖ 25 ವ್ಯಾಟ್. ಅದರ ಶೇಕಡಾ 70, ಅಂದರೆ 17.5 ವ್ಯಾಟನ್ನು ಮಿತಿಯಾಗಿಟ್ಟುಕೊಂಡರೆ, 450 ವೋಲ್ಟಿನಲ್ಲಿ ಸುಮಾರು 39 ಮಿಲಿಆಂಪಿಯರ್ ಆಗುತ್ತದೆ.

ಹಳೆಯ ಬಿಡಿಭಾಗಗಳು

ಸಂಗ್ರಾಹಕರು ಮೂಲ ಭಾಗಗಳನ್ನು ತೆಗೆಯಲು ಒಪ್ಪುವುದಿಲ್ಲ. ನುಡಿಸುವ ವಾದ್ಯಕ್ಕೆ ಈ ನಿಷ್ಠೆ ಸಲ್ಲದು: ದಶಕಗಳಷ್ಟು ಹಳೆಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳನ್ನು ಬದಲಾಯಿಸಲೇಬೇಕು. ಅಮೆರಿಕದ ಹಳೆಯ ಮಾದರಿಗಳಲ್ಲಿ ಎರಡೇ ಪಿನ್ನಿನ ಪ್ಲಗ್ಗೂ, ಮೇನ್ಸಿನಿಂದ ಚಾಸಿಗೆ ಜೋಡಿಸಿದ ಒಂದು ಕೆಪಾಸಿಟರೂ ಇರುತ್ತವೆ. ಆ ಕೆಪಾಸಿಟರ್ ಶಾರ್ಟ್ ಆದರೆ ಗಿಟಾರಿನ ತಂತಿಗೇ ಮೇನ್ಸ್ ವಿದ್ಯುತ್ ಹರಿಯಬಹುದು. ಅದನ್ನು ಕಿತ್ತು, ಅರ್ಥಿಂಗ್ ಇರುವ ಮೂರು ಪಿನ್ನಿನ ಪ್ಲಗ್ ಅಳವಡಿಸಲಾಗುತ್ತದೆ. ಭಾರತದ 230 ವೋಲ್ಟಿನಲ್ಲಿ ಬಳಸಲು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಸಹ ಬೇಕಾಗುತ್ತದೆ.