ಹೆಸರಿನ ವಲಸೆ: ಈಲಂಡ್, ಎಲ್ಕ್ ಮತ್ತು ಡಂಬಳ ಸೀಮೆಯ ಚಿಗರಿ

ಪ್ರಾಣಿನಾಮಗಳ ಅರ್ಥಪಲ್ಲಟವನ್ನು ‘ತಪ್ಪು ಗುರುತಿಸುವಿಕೆ’ ಎಂದು ವಿವರಿಸುವ ರೂಢಿಯುಂಟು. ಈ ವಿವರಣೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಇಂಗ್ಲಿಷಿನ ‘ಈಲಂಡ್’ ಡಚ್ಚಿನಿಂದ ಬಂದ ಪದ. ಡಚ್ಚಿನಲ್ಲಿ ಅದು ಉತ್ತರ ಯುರೋಪಿನ ಕವಲುಗೊಂಬಿನ ಮಹಾಮೃಗದ ಹೆಸರು. ಅದರ ಜಾಡು ಹಳೆಯ ಜರ್ಮನ್ ರೂಪವೊಂದರ ಮೂಲಕ ಲಿಥುವೇನಿಯನ್ ಭಾಷೆಗೆ ಸಲ್ಲುತ್ತದೆ. 1652ರಲ್ಲಿ ಕೇಪ್ ಪ್ರಾಂತದಲ್ಲಿ ನೆಲೆಯೂರಿದ ಡಚ್ಚರು ಆ ಹೆಸರನ್ನು ಅಲ್ಲಿನ ಬೃಹತ್ ಹುಲ್ಲೆಗೆ ಇತ್ತರು. ಅದೇ ಯುರೋಪಿನ ಮೃಗಕ್ಕೆ ಇಂಗ್ಲಿಷಿನಲ್ಲಿದ್ದ ‘ಎಲ್ಕ್’ ಎಂಬ ಹೆಸರೂ ನಿಂತಲ್ಲಿ ನಿಲ್ಲಲಿಲ್ಲ. ಉತ್ತರ ಅಮೆರಿಕದಲ್ಲಿ ಅದು ವಾಪಿಟಿಗೆ ಸಂದಿತು. ದಕ್ಷಿಣ ಭಾರತ ಹಾಗೂ ಸಿಂಹಳದ ಆಂಗ್ಲ ಬೇಟೆಗಾರರ ಬಾಯಲ್ಲಿ ನಮ್ಮ ಕಡವೆಗೆ ಸಂದಿತು. ಈ ಮೂರು ಪಲ್ಲಟಗಳಲ್ಲಿಯೂ ಉಳಿದುಬಂದ ಅರ್ಥಾಂಶ ಒಂದೇ: ಆ ನೆಲದ ಹಿರಿಯ ಗಾತ್ರದ ಗೊರಸುಮೃಗಗಳಲ್ಲೊಂದು. ಆದುದರಿಂದ ಇದನ್ನು ಪ್ರಮಾದವೆನ್ನುವುದಕ್ಕಿಂತ ಸ್ಥಾನಸಾದೃಶ್ಯವೆನ್ನುವುದು ಯುಕ್ತ.

ಕನ್ನಡದಲ್ಲಿಯೂ ಇಂಥ ಪ್ರವೃತ್ತಿ ಕಾಣುತ್ತದೆ. ಕಪ್ಪತಗುಡ್ಡದ ಸೆರಗಿನಲ್ಲಿರುವ ಡಂಬಳದ ಸುತ್ತಣ ಎರೆಭೂಮಿಯಲ್ಲಿ ಕೃಷ್ಣಮೃಗವು ‘ಚಿಗರಿ’. ಗ್ರಾಂಥಿಕ ಭಾಷೆಯಲ್ಲಿ ಅದು ‘ಹುಲ್ಲೆ’, ‘ಎರಳೆ’. ‘ಎರಳೆ’ಗೆ ತಮಿಳಿನ ‘ಇರಲೈ’ ಜ್ಞಾತಿಪದ. ‘ಹುಲ್ಲೆ’ಯ ಹಳಗನ್ನಡ ರೂಪ ‘ಪುಲ್ಲೆ’. ಪ್ರತಿವರ್ಷ ಕೊಂಬುದುರಿಸುವ ಜಿಂಕೆಯ ಕುಲಕ್ಕೂ ಕೊಂಬನ್ನು ಉಳಿಸಿಕೊಳ್ಳುವ ಹುಲ್ಲೆಯ ಕುಲಕ್ಕೂ ಪ್ರಾಣಿಶಾಸ್ತ್ರ ಎಳೆಯುವ ಗೆರೆಯನ್ನು ಬಳಕೆಯ ಮಾತು ಎಳೆಯುವುದಿಲ್ಲ. ನಾಲ್ಕು ಕೊಂಬಿನ ಹುಲ್ಲೆಯನ್ನು ‘ಕೊಂಡುಕುರಿ’ ಎನ್ನುವಾಗ ಪರಿಚಿತವಾದ ಕುರಿಯೇ ಅಳತೆಗೋಲು. ಲಿನ್ನೇಯಸ್ ಕೂಡ 1758ರಲ್ಲಿ ಕೃಷ್ಣಮೃಗವನ್ನು ಆಡಿನ ಕುಲಕ್ಕೆ ಸೇರಿಸಿ, ‘ಜಿಂಕೆ-ಆಡು’ ಎಂಬರ್ಥದ ‘ಸರ್ವಿಕಾಪ್ರ’ ಎಂಬ ಹೆಸರಿತ್ತನು.

ರೂಪದ ದೃಷ್ಟಿಯಿಂದಲೂ ಹೋಲಿಕೆಯೊಂದು ಎದುರಾಗುತ್ತದೆ. ಇಂಗ್ಲಿಷಿನಲ್ಲಿ ‘ಈಲಂಡ್ಸ್’ ಎಂಬ ಬಹುವಚನವಿದ್ದರೂ ಬೇಟೆಯ ಪರಿಭಾಷೆಯಲ್ಲಿ ಪ್ರತ್ಯಯರಹಿತ ‘ಈಲಂಡ್’ ಬಹುತ್ವವನ್ನು ಸೂಚಿಸಬಲ್ಲದು. ಕನ್ನಡದಲ್ಲಿ ‘ಹತ್ತು ಚಿಗರಿ ಬಂದವು’ ಎಂಬುದು ಸಹಜಪ್ರಯೋಗ. ಆದರೆ ಕಾರಣಗಳು ಬೇರೆ. ಇಂಗ್ಲಿಷಿನಲ್ಲಿ ಇದು ‘ಡಿಯರ್’ ಪದದ ಪ್ರಾಚೀನ ನಪುಂಸಕ ರೂಪವನ್ನು ಅನುಸರಿಸಿ ಬೇಟೆಯ ಪ್ರಾಣಿಗಳಿಗೆ ಹಬ್ಬಿದ ಸಾದೃಶ್ಯ. ಕನ್ನಡದಲ್ಲಿ ನಪುಂಸಕ ನಾಮಗಳಿಗೆಲ್ಲ ಅನ್ವಯಿಸುವ ವ್ಯಾಕರಣನಿಯಮ. ಇಲ್ಲಿ ಸಂಖ್ಯಾವಾಚಕವೂ ಕ್ರಿಯಾಪದವೂ ಬಹುತ್ವವನ್ನು ಹೊರುತ್ತವೆ.

ಈ ಚರ್ಚೆ ಕೇವಲ ಶಾಸ್ತ್ರವಿನೋದವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೃಷ್ಣಮೃಗ ಒಂದನೆಯ ಅನುಸೂಚಿಯಲ್ಲಿದೆ; ಚುಕ್ಕೆಜಿಂಕೆ 2022ರ ತಿದ್ದುಪಡಿಗೆ ಮುನ್ನ ಮೂರನೆಯದರಲ್ಲಿತ್ತು. ಬೆಳೆ ಕಳೆದುಕೊಂಡ ರೈತನ ಬಾಯಲ್ಲಿ ಎರಡೂ ‘ಜಿಂಕೆ’ಯಾಗಬಹುದು. ಆತನ ಮಾತು ತಪ್ಪಲ್ಲ. ಅದರ ವರ್ಗೀಕರಣದ ಆಧಾರ ಬೇರೆ. ‘ಜಿಂಕೆ’, ‘ಚಿಗರಿ’ಗಳಿಗೆ ಒಂದೊಂದೇ ಪ್ರಾಣಿಯನ್ನು ಗಂಟುಹಾಕುವ ನಿಘಂಟು ಆ ಆಧಾರವನ್ನು ಅಳಿಸುತ್ತದೆ. ಪ್ರದೇಶವಾರು ಅರ್ಥವ್ಯಾಪ್ತಿಯನ್ನು ದಾಖಲಿಸುವುದೇ ನಿಘಂಟುಕಾರನ ಮುಂದಿರುವ ಕರ್ತವ್ಯವೆಂದು ನಾವು ಭಾವಿಸುತ್ತೇವೆ.