ನಕ್ಷತ್ರಗಳ ಕಾಂತಚಕ್ರ

ಸೂರ್ಯನಂಥ ನಕ್ಷತ್ರಗಳ ಕಾಂತಕ್ಷೇತ್ರ ಹಲವು ವರ್ಷಗಳ ಅವಧಿಯಲ್ಲಿ ಆವರ್ತಕವಾಗಿ ಪ್ರಬಲಗೊಂಡು ಕುಗ್ಗುವ ವಿದ್ಯಮಾನ. ಹೊರಪದರದ ಬಿಸಿ ಅನಿಲದ ಸಂವಹನ, ಸಮಭಾಜಕಕ್ಕೂ ಧ್ರುವಗಳಿಗೂ ಭ್ರಮಣವೇಗದಲ್ಲಿರುವ ವ್ಯತ್ಯಾಸ ಇದರ ಮೂಲ. ಸೂರ್ಯನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಗರಿಷ್ಠ ಸಂಖ್ಯೆ ಮುಟ್ಟುತ್ತವೆ. ಆಗ ಕಾಂತಧ್ರುವಗಳು ಅದಲುಬದಲಾಗುವುದರಿಂದ ಪೂರ್ಣ ಚಕ್ರಕ್ಕೆ ಸುಮಾರು 22 ವರ್ಷ ಬೇಕು. ದೂರದ ನಕ್ಷತ್ರಗಳ ಕಲೆಗಳು ಬಿಡಿಯಾಗಿ ಕಾಣವು. ಹಾಗಾಗಿ ರೋಹಿತದ ಕ್ಯಾಲ್ಸಿಯಂ ಎಚ್ ಮತ್ತು ಕೆ ರೇಖೆಗಳ ನಡುಭಾಗದ ಉಜ್ವಲತೆ ಒಂದು ಭರವಸೆಯ ಅಳತೆಗೋಲು. ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಆಲಿನ್ ವಿಲ್ಸನ್ 1966ರಲ್ಲಿ ಈ ಅಳತೆಯನ್ನು ಆರಂಭಿಸಿದರು. ದಶಕಗಳ ತಾಳ್ಮೆಯಿಲ್ಲದೆ ಇಂಥ ಚಕ್ರಗಳು ಗೋಚರವಾಗುತ್ತಿರಲಿಲ್ಲ. 61 ಸಿಗ್ನಿ ಎ ನಕ್ಷತ್ರದ ಚಕ್ರ ಸುಮಾರು 7 ವರ್ಷ. ವೇಗವಾಗಿ ತಿರುಗುವ ಎಳೆಯ ನಕ್ಷತ್ರಗಳ ಚಟುವಟಿಕೆ ತೀವ್ರ, ಏರಿಳಿತ ಮಾತ್ರ ಕ್ರಮರಹಿತ.

ಕೆ ರೇಖೆಯ ಅಗಲಕ್ಕೂ ನಕ್ಷತ್ರದ ನಿಜಕಾಂತಿಗೂ ಇರುವ ಸಂಬಂಧವನ್ನು 1957ರಲ್ಲಿ ವಿಲ್ಸನ್ ಜೊತೆ ಪ್ರಕಟಿಸಿದ ಎಂ.ಕೆ. ವೈನು ಬಾಪು, ಮುಂದೆ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಸ್ಥಾಪಕರಾದರು. ಆ ಸಂಸ್ಥೆಗೆ ಸೇರಿದ ಕೊಡೈಕೆನಾಲ್ ವೀಕ್ಷಣಾಲಯದ ಕೆ ರೇಖೆಯ ಸೌರಚಿತ್ರಗಳು 20ನೆಯ ಶತಮಾನದ ಆರಂಭದಿಂದ ಸಂಗ್ರಹವಾಗಿವೆ. ಸೌರಚಕ್ರದ ಅಧ್ಯಯನಕ್ಕೆ ಇದು ಅಮೂಲ್ಯ ಭಂಡಾರ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವ ಗೌರಿಬಿದನೂರಿನ ರೇಡಿಯೊ ವೀಕ್ಷಣಾಲಯ ಸೂರ್ಯನ ಕರೋನಾವನ್ನು ರೇಡಿಯೊ ಅಲೆಗಳಲ್ಲಿ ಚಿತ್ರಿಸುತ್ತದೆ.